ಗಾಡಿ ಎಳೆಯಲು ಚೈನ್ ಸರಿನಾ, ಬೆಲ್ಟ್ ಸರಿನಾ? ಅಪಾಯ ಇಲ್ಲದೆ ಎಳೆಯುವ ಪೂರ್ತಿ ವಿಧಾನ

ಕೆಸರಲ್ಲಿ ಗಾಡಿ ಹೂತಾಗ ಸುತ್ತ ಸೇರಿದವರಲ್ಲಿ ಒಬ್ಬರು "ಚೈನ್ ತನ್ನಿ, ಬೆಲ್ಟ್ ಕಿತ್ತುಹೋಗುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ಚೈನ್ ಬೇಡ, ತುಂಡಾದ್ರೆ ಜೀವಕ್ಕೆ ಅಪಾಯ" ಅನ್ನುತ್ತಾರೆ. ಇಬ್ಬರ ಮಾತಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಯಾವುದು ಗಟ್ಟಿ ಅಂತ ಜಗಳ ಆಡುವ ಮುಂಚೆ, ನೀವು ಎಳೆಯುವುದು ಹೇಗೆ ಅಂತ ತೀರ್ಮಾನ ಆಗಬೇಕು. ಹಗ್ಗವನ್ನು ಮೊದಲೇ ಬಿಗಿ ಮಾಡಿಕೊಂಡು ನಿಧಾನಕ್ಕೆ ಎಳೆಯುತ್ತೀರಾ, ಇಲ್ಲ ಸಡಿಲ ಬಿಟ್ಟು ಓಡಿಬಂದು ಜರ್ಕ್ ಕೊಡುತ್ತೀರಾ? ಮೊದಲನೆಯದಕ್ಕೆ ಚೈನೂ ನಡೆಯುತ್ತದೆ, ಹಿಗ್ಗದ ಬೆಲ್ಟೂ ನಡೆಯುತ್ತದೆ. ಎರಡನೆಯದಕ್ಕೆ ಹಿಗ್ಗುವ ನೈಲಾನ್ ಬೆಲ್ಟ್ ಅಥವಾ ನೈಲಾನ್ ಹಗ್ಗ ಬಿಟ್ಟು ಬೇರೆ ಯಾವುದೂ ಬೇಡ. ಚೈನ್ ಹಾಕಿ ಜರ್ಕ್ ಕೊಡುವುದಂತೂ ಯಾವತ್ತೂ ಬೇಡ.

ಯಾಕೆ ಅಂತ ಅರ್ಥ ಆದರೆ ಮುಂದಿನದೆಲ್ಲ ಸುಲಭ.

ಜರ್ಕ್ ಕೊಟ್ಟಾಗ ಏನಾಗುತ್ತದೆ

2000 ಕೆಜಿ ತೂಕದ ಗಾಡಿ ಗಂಟೆಗೆ 10 ಕಿಮೀ ವೇಗದಲ್ಲಿ ಹೊರಟಿದೆ ಅಂದುಕೊಳ್ಳಿ. ಅದರಲ್ಲಿ ಸುಮಾರು 7,700 ಜೂಲ್ ಶಕ್ತಿ ಇರುತ್ತದೆ. ಹಿಂದಿನ ಗಾಡಿ ಹೂತು ಅಲ್ಲಾಡದೆ ನಿಂತಿದೆ. ಹಾಗಾಗಿ ಈ ಶಕ್ತಿಯನ್ನೆಲ್ಲ ನಡುವೆ ಇರುವ ಚೈನ್ ಅಥವಾ ಬೆಲ್ಟ್ ತಡೆಯಬೇಕು. ಚೈನ್ ಹಿಗ್ಗುವುದಿಲ್ಲ. ಚೈನು, ಕೊಕ್ಕೆ, ಚಾಸಿ ಎಲ್ಲ ಸೇರಿ 5 ಸೆಂಟಿಮೀಟರ್ ಬಾಗಿಕೊಟ್ಟವು ಅಂದುಕೊಂಡರೂ ಸರಾಸರಿ 15 ಟನ್‌ಗಿಂತ ಜಾಸ್ತಿ ಎಳೆತ ಬೀಳುತ್ತದೆ. ಅದೇ ಜಾಗದಲ್ಲಿ ನೈಲಾನ್ ಬೆಲ್ಟ್ ಇದ್ದು ಅದು 1 ಮೀಟರ್ ಹಿಗ್ಗಿದರೆ ಸರಾಸರಿ ಎಳೆತ 1 ಟನ್ನೂ ಇರುವುದಿಲ್ಲ, ಸುಮಾರು 800 ಕೆಜಿ ಅಷ್ಟೇ. ಹಿಗ್ಗುತ್ತಾ ಹೋದ ಹಾಗೆ ಎಳೆತ ಏರುವುದರಿಂದ ಕೊನೆಯ ಕ್ಷಣದಲ್ಲಿ ಅದು ಹತ್ತಿರ ಹತ್ತಿರ ಎರಡು ಪಟ್ಟು ಆಗುತ್ತದೆ. ಆದರೂ ಚೈನಿನ ಲೆಕ್ಕಕ್ಕೆ ಹೋಲಿಸಿದರೆ ತುಂಬ ಕಡಿಮೆ.

ವೇಗ ಎರಡು ಪಟ್ಟು ಆದರೆ ಶಕ್ತಿ ನಾಲ್ಕು ಪಟ್ಟು ಆಗುತ್ತದೆ. "ಇನ್ನೂ ಸ್ವಲ್ಪ ಜೋರಾಗಿ ಬಾ" ಅಂತ ಹುರಿದುಂಬಿಸುವವರಿಗೆ ಈ ಒಂದು ಮಾತು ಗೊತ್ತಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ. 10ರಲ್ಲಿ ಬರದ ಗಾಡಿಗೆ 20ರಲ್ಲಿ ಬಂದು ಎಳೆದರೆ ಅಲ್ಲಿ ಬೀಳುವುದು ಎರಡು ಪಟ್ಟು ಹೊಡೆತ ಅಲ್ಲ, ಬೆಲ್ಟ್ ಮೇಲೆ ನಾಲ್ಕು ಪಟ್ಟು ಶಕ್ತಿಯನ್ನು ಹೊರಿಸಿದ ಹಾಗೆ.

ತುಂಡಾದರೆ ಚೈನ್ ಸುಮ್ನೆ ಕೆಳಗೆ ಬೀಳುತ್ತದಾ?

ತುಂಬ ಜನ ಹಾಗೇ ನಂಬಿದ್ದಾರೆ. ಚೈನ್ ಹಿಗ್ಗುವುದಿಲ್ಲ, ಹಾಗಾಗಿ ಅದರಲ್ಲಿ ಶಕ್ತಿ ತುಂಬಿಕೊಳ್ಳುವುದಿಲ್ಲ, ತುಂಡಾದರೂ ಹಾರುವುದಿಲ್ಲ ಅನ್ನುವುದು ಅವರ ವಾದ. ಬೆಲ್ಟ್‌ಗಿಂತ ಚೈನಿನಲ್ಲಿ ಕಡಿಮೆ ಶಕ್ತಿ ಕೂಡಿಕೊಳ್ಳುತ್ತದೆ ಅನ್ನುವುದು ನಿಜ. ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ. ಬಾಗಿದ ಚಾಸಿ, ಬಂಪರ್ ಬ್ರಾಕೆಟ್, ಒತ್ತಿಕೊಂಡ ಸಸ್ಪೆನ್ಶನ್, ಇವೆಲ್ಲ ಸ್ಪ್ರಿಂಗ್ ಥರ ಕೆಲಸ ಮಾಡುತ್ತವೆ. ಒಂದು ಕೊಂಡಿ ಬಾಯಿಬಿಟ್ಟ ಕ್ಷಣದಲ್ಲಿ ತುದಿಯ ಕಬ್ಬಿಣದ ಕೊಕ್ಕೆ ಗಾಜು ಒಡೆದು ಒಳಗೆ ಬರುವಷ್ಟು ವೇಗದಲ್ಲಿ ಹಾರಬಹುದು. ಮೇಲಾಗಿ ಚೈನ್ ಮುನ್ಸೂಚನೆ ಕೊಡುವುದಿಲ್ಲ. ಬೆಲ್ಟ್ ಆದರೆ ನೂಲು ಬಿಚ್ಚಿಕೊಳ್ಳುವುದು, ಹೊಲಿಗೆ ಸಡಿಲ ಆಗುವುದು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ.

ಹಾಗಂತ ಬೆಲ್ಟ್ ಪಾಪದ್ದು ಅಂದುಕೊಳ್ಳಬೇಡಿ. ಪೂರ್ತಿ ಹಿಗ್ಗಿದ ನೈಲಾನ್ ಬೆಲ್ಟ್ ಒಳಗೆ ಚೈನ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಶಕ್ತಿ ಇರುತ್ತದೆ. ಬೆಲ್ಟ್ ಮಧ್ಯದಲ್ಲಿ ಹರಿದರೆ ಬಟ್ಟೆಯ ತುಂಡು ಬಂದು ಹೊಡೆಯುತ್ತದೆ, ಅದೇ ಸಾಕಷ್ಟು ಕೆಟ್ಟದ್ದು. ಆದರೆ ಬೆಲ್ಟ್ ಹರಿಯದೆ ಅದನ್ನು ಸಿಕ್ಕಿಸಿದ ಕೊಕ್ಕೆ, ಶ್ಯಾಕಲ್ (ಪಿನ್ ಹಾಕಿ ಮುಚ್ಚುವ U ಆಕಾರದ ಕಬ್ಬಿಣದ ಬಳೆ) ಅಥವಾ ಟೋ ಬಾಲ್ (ಟ್ರೇಲರ್ ಸಿಕ್ಕಿಸುವ ಉಂಡೆ) ಕಿತ್ತು ಬಂದರೆ ಆ ಲೋಹದ ತುಂಡು ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ನೇರ ಇನ್ನೊಂದು ಗಾಡಿಯ ಕಡೆಗೇ ಹೋಗುತ್ತದೆ. ಗಾಡಿ ಎಳೆಯುವಾಗ ಸತ್ತವರಲ್ಲಿ ಹಲವರು ಸತ್ತದ್ದು ಹೀಗೇ. ಹಾಗಾಗಿ ಬೆಲ್ಟ್ ಆರಿಸಿಕೊಂಡರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಎಲ್ಲಿಗೆ ಸಿಕ್ಕಿಸುತ್ತೀರಿ ಅನ್ನುವುದು ಇನ್ನರ್ಧ.

ಎಲ್ಲ ಬೆಲ್ಟೂ ಒಂದೇ ಅಲ್ಲ

ಅಂಗಡಿಯಲ್ಲಿ "ಟೋ ಬೆಲ್ಟ್" ಅಂತ ಕೇಳಿದರೆ ಏನು ಬೇಕಾದರೂ ಕೈಗೆ ಬರಬಹುದು, ಅದಕ್ಕೇ ಲೇಬಲ್ ಓದಲೇಬೇಕು.

ಸ್ನ್ಯಾಚ್ ಸ್ಟ್ರ್ಯಾಪ್ ಅಂದರೆ ನೈಲಾನ್ ಬೆಲ್ಟ್. ಸಾಮಾನ್ಯವಾಗಿ 9 ಮೀಟರ್ ಉದ್ದ, ಲೋಡ್ ಬಿದ್ದಾಗ ಸುಮಾರು 20 ಶೇಕಡಾ ಹಿಗ್ಗುತ್ತದೆ. ಹೆಣೆದ ನೈಲಾನ್‌ನ ಕೈನೆಟಿಕ್ ಹಗ್ಗ ಇನ್ನೂ ಜಾಸ್ತಿ, 30 ಶೇಕಡಾವರೆಗೂ ಹಿಗ್ಗುತ್ತದೆ. ಓಡಿಬಂದು ಎಳೆಯಲು ಮಾಡಿರುವುದು ಇವೆರಡೇ. ಮಾಮೂಲಿ ಟೋ ಬೆಲ್ಟ್ ಪಾಲಿಯೆಸ್ಟರ್‌ನದು, ಹಿಗ್ಗುವುದು ತೀರಾ ಕಡಿಮೆ, ಕೆಟ್ಟು ನಿಂತ ಗಾಡಿಯನ್ನು ರಸ್ತೆ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋಗಲು ಸರಿ. ಮರಕ್ಕೆ ಸುತ್ತುವ ಅಗಲ ಬೆಲ್ಟೂ ಪಾಲಿಯೆಸ್ಟರೇ, ಅದು ವಿಂಚ್ (ಹಗ್ಗ ಸುತ್ತಿಕೊಳ್ಳುತ್ತಾ ಎಳೆಯುವ ಯಂತ್ರ) ಕೆಲಸಕ್ಕೆ. ಕ್ರೇನ್‌ನವರು ಬಳಸುವ ಬಣ್ಣದ ಬೆಲ್ಟ್ ಕೂಡ ಪಾಲಿಯೆಸ್ಟರ್. ನೇರಳೆ 1 ಟನ್, ಹಸಿರು 2 ಟನ್, ಹಳದಿ 3 ಟನ್ ಅಂತ ಬಣ್ಣದಲ್ಲೇ ಗುರುತು ಇರುತ್ತದೆ. ಅದು ತುಂಬ ಗಟ್ಟಿ, ಆದರೆ ಗಟ್ಟಿ ಅಂದ ಮಾತ್ರಕ್ಕೆ ಹಿಗ್ಗುತ್ತದೆ ಅಂತಲ್ಲ. ನಿಧಾನದ ಎಳೆತಕ್ಕೆ ಮಾತ್ರ ಬಳಸಿ. ಲಾರಿಯಲ್ಲಿ ಸಾಮಾನು ಬಿಗಿಯುವ ರ‍್ಯಾಚೆಟ್ ಬೆಲ್ಟ್ ಅಂತೂ ಎಳೆಯಲು ಬೇಡವೇ ಬೇಡ.

ಎರಡೂ ತುದಿಗೆ ಕಬ್ಬಿಣದ ಕೊಕ್ಕೆ ಹೊಲಿದ ಅಗ್ಗದ ಬೆಲ್ಟ್ ನೋಡಿರುತ್ತೀರಿ, ಅಲ್ವಾ? ಹೂತ ಗಾಡಿ ತೆಗೆಯಲು ಅದನ್ನು ಬಳಸಬೇಡಿ. ಎಳೆತ ಸ್ವಲ್ಪ ಸಡಿಲ ಆದ ಕೂಡಲೇ ಕೊಕ್ಕೆ ಜಾರಿ ಕಳಚುತ್ತದೆ. ಮತ್ತೆ ಬಿಗಿಯಾಗುವಾಗ ಅರ್ಧ ಮಾತ್ರ ಸಿಕ್ಕಿಕೊಂಡು ಕಿತ್ತು ಬರುತ್ತದೆ. ತುದಿಯಲ್ಲಿ ಹೊಲಿದ ಕುಣಿಕೆ ಇರುವ ಬೆಲ್ಟೇ ಬೇಕು.

ಟನ್ ಲೆಕ್ಕ ಓದುವಾಗ ಆಗುವ ತಪ್ಪು

ಚೈನ್ ಮತ್ತು ಶ್ಯಾಕಲ್ ಮೇಲೆ ಬರೆಯುವುದು ಸುರಕ್ಷಿತವಾಗಿ ಎಷ್ಟು ಹೊರಿಸಬಹುದು ಅನ್ನುವ ತೂಕ. ಸ್ನ್ಯಾಚ್ ಬೆಲ್ಟ್ ಮೇಲೆ ಬರೆಯುವುದು ಎಷ್ಟಕ್ಕೆ ಹರಿಯುತ್ತದೆ ಅನ್ನುವ ತೂಕ. ಇವೆರಡನ್ನೂ ಪಕ್ಕ ಪಕ್ಕ ಇಟ್ಟು "ಚೈನ್ 3 ಟನ್, ಬೆಲ್ಟ್ 8 ಟನ್, ಹಾಗಾದ್ರೆ ಬೆಲ್ಟೇ ಗಟ್ಟಿ" ಅನ್ನುವುದು ತಪ್ಪು. ಗ್ರೇಡ್ 70ರ (ಗ್ರೇಡ್ ಅಂದರೆ ಚೈನಿನ ಉಕ್ಕು ಎಷ್ಟು ಗಟ್ಟಿ ಅನ್ನುವ ದರ್ಜೆ) 3/8 ಇಂಚಿನ ಚೈನ್ ಮೇಲೆ ಸುಮಾರು 3 ಟನ್ ಅಂತ ಇರುತ್ತದೆ. ಅದು ತುಂಡಾಗುವುದು ಅದರ ನಾಲ್ಕು ಪಟ್ಟು, ಅಂದರೆ 12 ಟನ್ ಹತ್ತಿರ. ಮೇಲೆ ಹೇಳಿದ ಜರ್ಕ್‌ನ ಲೆಕ್ಕ 15 ಟನ್ ದಾಟಿತ್ತು, ನೆನಪಿದೆಯಾ? ಹೊಸ ಚೈನ್ ಕೂಡ ಅಲ್ಲಿ ಉಳಿಯುವುದಿಲ್ಲ, ಅಥವಾ ಚೈನ್ ಉಳಿದು ಚಾಸಿಯ ಕೊಕ್ಕೆ ಕಿತ್ತು ಬರುತ್ತದೆ.

ಚೈನಿನ ದಪ್ಪ ಒಂದೇ ನೋಡಿದರೆ ಸಾಲದು, ಗ್ರೇಡ್ ನೋಡಬೇಕು. ಅದೇ 3/8 ಇಂಚಿನ ಗ್ರೇಡ್ 30 ಚೈನ್ ಹೊರುವುದು ಸುಮಾರು 1.2 ಟನ್ ಅಷ್ಟೇ, ಗ್ರೇಡ್ 80 ಆದರೆ 3.2 ಟನ್. ಗುರುತನ್ನು ಕೊಂಡಿಗಳ ಮೇಲೇ ಒತ್ತಿರುತ್ತಾರೆ. ಎಲ್ಲಿ ಹುಡುಕಿದರೂ ಗುರುತು ಕಾಣದಿದ್ದರೆ ಆ ಚೈನ್ ಗೇಟಿಗೆ ಬೀಗ ಹಾಕಲು ಇರಲಿ, ಗಾಡಿ ಎಳೆಯಲು ಬೇಡ.

ಸ್ನ್ಯಾಚ್ ಬೆಲ್ಟ್ ಆರಿಸುವ ಲೆಕ್ಕ ಬೇರೆ. ಎರಡು ಗಾಡಿಗಳಲ್ಲಿ ಹಗುರ ಯಾವುದು ನೋಡಿ. ಲೋಡ್ ಸೇರಿಸಿ ಅದರ ಗರಿಷ್ಠ ತೂಕ ಎಷ್ಟೋ ಅದರ 2ರಿಂದ 3 ಪಟ್ಟಿನಲ್ಲಿ ಬೆಲ್ಟ್ ಹರಿಯುವ ತೂಕ ಇರಬೇಕು. 2500 ಕೆಜಿ ಗಾಡಿಗೆ 5000ದಿಂದ 7500 ಕೆಜಿ. ಇದಕ್ಕಿಂತ ತೆಳು ಆದರೆ ಹರಿಯುತ್ತದೆ. ದಪ್ಪ ಆದರೂ ಕಷ್ಟ, ಯಾಕೆಂದರೆ ಹಗುರ ಗಾಡಿಗೆ ಅದನ್ನು ಹಿಗ್ಗಿಸಲು ಆಗುವುದಿಲ್ಲ, ಆಗ ಅದು ಚೈನ್ ಥರಾನೇ ಹೊಡೆತ ಕೊಡುತ್ತದೆ. ದೊಡ್ಡದು ಇದ್ದರೆ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಎಲ್ಲಿಗೆ ಸಿಕ್ಕಿಸಬೇಕು

ಇದು ಈ ಬರಹದಲ್ಲೇ ಮುಖ್ಯವಾದ ಭಾಗ, ಇದನ್ನೊಂದು ಎರಡು ಸಲ ಓದಿ.

ಟ್ರೇಲರ್ ಸಿಕ್ಕಿಸುವ ಟೋ ಬಾಲ್‌ಗೆ ಚೈನೂ ಹಾಕಬೇಡಿ, ಬೆಲ್ಟೂ ಹಾಕಬೇಡಿ. ಅದು ಟ್ರೇಲರನ್ನು ಸಮನಾಗಿ ಎಳೆಯಲು ಮಾಡಿದ್ದು. ಜರ್ಕ್ ಬಿದ್ದರೆ ಅದರ ಕತ್ತು ಮುರಿದು ಉಂಡೆ ಹಾರಿ ಬರುತ್ತದೆ. ಗಾಡಿಯನ್ನು ಹಡಗಿನಲ್ಲೋ ಲಾರಿಯಲ್ಲೋ ಸಾಗಿಸುವಾಗ ಕಟ್ಟಲು ಅಂತ ಕೆಳಗೆ ಕೊಟ್ಟಿರುವ ತೆಳು ಕಿವಿಗಳೂ ಬೇಡ. ಬಂಪರ್, ಆಕ್ಸಲ್, ಸಸ್ಪೆನ್ಶನ್ ಆರ್ಮ್, ಸ್ಟೇರಿಂಗ್ ರಾಡ್, ಇವುಗಳಿಗೂ ಬೇಡ. ಬಂಪರ್ ಮುಚ್ಚಳ ತೆಗೆದು ತಿರುಗಿಸಿ ಹಾಕುವ ಟೋ ಕೊಕ್ಕೆ ಇರುತ್ತದಲ್ಲ, ಅದು ಸಮತಟ್ಟಾದ ರಸ್ತೆಯಲ್ಲಿ ನಿಧಾನಕ್ಕೆ ಎಳೆಯಲು ಮಾತ್ರ. ಹೂತ ಗಾಡಿಗೆ ಜರ್ಕ್ ಕೊಡಲು ಅಲ್ಲ.

ಬೇಕಿರುವುದು ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ, ಎಷ್ಟು ತಡೆಯುತ್ತದೆ ಅಂತ ಬರೆದಿರುವ ರಿಕವರಿ ಪಾಯಿಂಟ್. ಗಾಡಿಯ ಮ್ಯಾನ್ಯುಯಲ್ ತೆಗೆದು ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ, ಕೆಸರಲ್ಲಿ ಮಲಗಿ ಹುಡುಕುವುದು ಬೇಡ. ಮುಂದೆ ಎರಡು ಪಾಯಿಂಟ್ ಇದ್ದರೆ ಎರಡಕ್ಕೂ ಸೇರಿಸಿ ಬ್ರೈಡಲ್ ಬೆಲ್ಟ್ ಹಾಕಿ. ಬ್ರೈಡಲ್ ಉದ್ದ ಇರಲಿ. ಅದರ ಎರಡು ಕಾಲುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಪಾಯಿಂಟ್ ಮೇಲೆ ಎಳೆತದ ಸುಮಾರು 58 ಶೇಕಡಾ ಬೀಳುತ್ತದೆ. 120 ಡಿಗ್ರಿಗೆ ಅಗಲ ಆದರೆ ಒಂದೊಂದರ ಮೇಲೂ ಪೂರ್ತಿ ಎಳೆತವೇ ಬೀಳುತ್ತದೆ, ಎರಡು ಕಡೆ ಕಟ್ಟಿಯೂ ಏನೂ ಉಳಿಯಲಿಲ್ಲ.

ಶ್ಯಾಕಲ್ ಮೇಲೆ ತೂಕ ಒತ್ತಿರಬೇಕು. ಕಾರು, ಜೀಪುಗಳಿಗೆ 3.25 ಅಥವಾ 4.75 ಟನ್‌ನದು ಸಾಮಾನ್ಯ. ಎಳೆತ ನೇರ ಇರಲಿ. ಪಕ್ಕದಿಂದ 90 ಡಿಗ್ರಿಯಲ್ಲಿ ಎಳೆದರೆ ಶ್ಯಾಕಲ್‌ನ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಪಿನ್ ಪೂರ್ತಿ ಕೂರುವವರೆಗೆ ಕೈಯಲ್ಲೇ ತಿರುಗಿಸಿ. ಸಾಧ್ಯ ಆದಲ್ಲೆಲ್ಲ ಹಗ್ಗದಿಂದಲೇ ಹೆಣೆದ ಸಾಫ್ಟ್ ಶ್ಯಾಕಲ್ ಬಳಸುವುದು ನನಗೆ ಇಷ್ಟ. ಹಾರಿ ಬರುವ ಲೋಹ ಅಷ್ಟು ಕಮ್ಮಿ ಆಯಿತಲ್ಲ. ಚೂಪು ಅಂಚಿಗೆ ಮಾತ್ರ ಅದನ್ನು ಸಿಕ್ಕಿಸಬೇಡಿ, ಕತ್ತರಿಸಿಹೋಗುತ್ತದೆ.

ಒಂದು ಬೆಲ್ಟ್ ಉದ್ದ ಸಾಲದೆ ಎರಡು ಸೇರಿಸಬೇಕಾದರೆ ನಡುವೆ ಕಬ್ಬಿಣದ ಶ್ಯಾಕಲ್ ಹಾಕಲೇಬೇಡಿ. ಯಾವುದೇ ಬೆಲ್ಟ್ ಹರಿದರೂ ಅದು ಗುಂಡಿನ ಥರ ಬರುತ್ತದೆ. ಒಂದರ ಕುಣಿಕೆಯನ್ನು ಇನ್ನೊಂದರ ಕುಣಿಕೆಯೊಳಗೆ ತೂರಿಸಿ, ಆ ಮೊದಲ ಬೆಲ್ಟ್‌ನ ಮತ್ತೊಂದು ತುದಿಯನ್ನು ತಂದು ಅದರದೇ ಕುಣಿಕೆಯಲ್ಲಿ ಎಳೆದುಕೊಳ್ಳಿ. ಗಂಟು ಕಚ್ಚಿಕೊಳ್ಳದ ಹಾಗೆ ನಡುವೆ ಸುರುಳಿ ಸುತ್ತಿದ ಪೇಪರ್ ಇಡಿ. ಬೆಲ್ಟ್‌ಗೆ ಮಾಮೂಲಿ ಗಂಟು ಹಾಕಿದರೆ ಅದರ ಬಲ ತುಂಬ ಇಳಿಯುತ್ತದೆ, ಆಮೇಲೆ ಬಿಚ್ಚಲೂ ಬರುವುದಿಲ್ಲ.

ಹೂತ ಗಾಡಿ ತೆಗೆಯುವುದು, ಒಂದೊಂದೇ ಹೆಜ್ಜೆ

1. ಮೊದಲು ಸಲಿಕೆ ತಗೊಳ್ಳಿ. ಚಕ್ರ ಅದರ ನಡುಭಾಗದ ಹಬ್‌ವರೆಗೆ ಹೂತಿದ್ದರೆ ಎಳೆಯಲು ಹೆಚ್ಚುಕಡಿಮೆ ಗಾಡಿಯ ತೂಕದಷ್ಟು ಬಲ ಬೇಕು. ಹಬ್ ದಾಟಿ ಮಡ್‌ಗಾರ್ಡ್‌ವರೆಗೆ ಹೋದರೆ ಎರಡು ಪಟ್ಟು, ಅದಕ್ಕಿಂತ ಮೇಲೆ ಆದರೆ ಮೂರು ಪಟ್ಟು. ಸೈನ್ಯದವರು ಗಾಡಿ ಎತ್ತುವಾಗ ಹಾಕುವ ಅಂದಾಜು ಇದು. ಚಕ್ರದ ಮುಂದೆ ಒಂದು ಇಳಿಜಾರು ತೋಡಿ, ಹೊಟ್ಟೆ ಕೆಳಗಿನ ಮಣ್ಣು ತೆಗೆದರೆ ಈ ಬಲ ಎಷ್ಟೋ ಇಳಿಯುತ್ತದೆ. ಮರಳಾದರೆ ಟೈರ್ ಗಾಳಿ 18 ಪಿಎಸ್‌ಐ ಹತ್ತಿರಕ್ಕೆ ಇಳಿಸಿ. ಹಲವು ಸಲ ಇಷ್ಟಕ್ಕೇ ಗಾಡಿ ತಾನೇ ಮೇಲೆ ಬರುತ್ತದೆ.

2. ಬೆಲ್ಟನ್ನು ಪೂರ್ತಿ ಬಿಚ್ಚಿ, ಎರಡೂ ಕಡೆ ಕೈಯಾಡಿಸಿ ನೋಡಿ. ಕತ್ತರಿಸಿದ ಗುರುತು, ಸುಟ್ಟ ಗುರುತು, ಬಿಚ್ಚಿದ ಹೊಲಿಗೆ ಕಂಡರೆ ಬಳಸಬೇಡಿ. ಒದ್ದೆ ನೈಲಾನ್‌ನ ಬಲ ಸ್ವಲ್ಪ ಕಮ್ಮಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

3. ಎಳೆಯುವ ಗಾಡಿಯನ್ನು ಹೂತ ಗಾಡಿಯ ನೇರಕ್ಕೆ ನಿಲ್ಲಿಸಿ. ಹೂತ ಗಾಡಿ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯುವುದು ಸಾಮಾನ್ಯವಾಗಿ ಸುಲಭ, ಅಲ್ಲಿ ನೆಲ ಆಗಲೇ ಒತ್ತಿರುತ್ತದೆ.

4. ಬೆಲ್ಟ್ ಸಿಕ್ಕಿಸಿ, ತಿರುಚು ಬಿಡಿಸಿ. 2ರಿಂದ 3 ಮೀಟರ್ ಸಡಿಲ ಬಿಟ್ಟು ನೆಲದ ಮೇಲೆ ಹಾವಿನ ಮಡಿಕೆಯಲ್ಲಿ ಹಾಸಿ. ನಡುವೆ ಭಾರದ ಕಂಬಳಿ ಅಥವಾ ಡ್ಯಾಂಪರ್ ಹೊದಿಸಿ. ಅದು ಹೊಡೆತವನ್ನು ಕಡಿಮೆ ಮಾಡಬಹುದು, ಆದರೆ ಅದನ್ನು ನಂಬಿ ಹತ್ತಿರ ನಿಲ್ಲಬೇಡಿ.

5. ಜನರನ್ನು ದೂರ ಕಳಿಸಿ. ಬೆಲ್ಟ್ ಉದ್ದದ ಒಂದೂವರೆ ಪಟ್ಟು ದೂರ ಬೇಕು. 9 ಮೀಟರ್ ಬೆಲ್ಟ್‌ಗೆ ಸುಮಾರು 14 ಮೀಟರ್. ಬೆಲ್ಟ್‌ನ ನೇರದಲ್ಲಿ ಮುಂದೆಯೂ ಹಿಂದೆಯೂ ಯಾರೂ ಬೇಡ, ಪಕ್ಕಕ್ಕೆ ಇರಲಿ. ಗಾಡಿಗಳ ಒಳಗೆ ಡ್ರೈವರ್ ಒಬ್ಬರೇ ಇರಬೇಕು. ಬಿಗಿಯಾಗಿರುವ ಬೆಲ್ಟನ್ನು ಯಾರೂ ದಾಟಬಾರದು. ವಿಡಿಯೋ ಮಾಡುವವರಿಗೂ ಇದೇ ಮಾತು, ಗಟ್ಟಿಯಾಗಿ ಹೇಳಲು ಸಂಕೋಚ ಬೇಡ.

6. ಸನ್ನೆ ಒಬ್ಬರೇ ಮಾಡಬೇಕು. ನಿಲ್ಲಿಸು ಅನ್ನಲು ಹಾರ್ನ್ ಅಂತ ಮೊದಲೇ ಮಾತಾಡಿಕೊಳ್ಳಿ.

7. ಎಳೆಯುವವರು ಲೋ ಗೇರ್‌ನಲ್ಲಿ ನಿಧಾನಕ್ಕೆ ಹೊರಡಲಿ. ಹೂತ ಗಾಡಿಯ ಡ್ರೈವರೂ ಗೇರ್ ಹಾಕಿ, ಬೆಲ್ಟ್ ಬಿಗಿಯಾಗುವ ಹೊತ್ತಿಗೆ ಹದವಾಗಿ ಆಕ್ಸಿಲರೇಟರ್ ಕೊಡಲಿ. ಚಕ್ರ ಸುಮ್ನೆ ತಿರುಗಿಸಿ ಇನ್ನಷ್ಟು ಆಳಕ್ಕೆ ಇಳಿಸಬಾರದು. ಮೊದಲ ಸಲ ಬರಲಿಲ್ಲ ಅಂದರೆ ಮತ್ತೆ ತೋಡಿ, ಆಮೇಲೆ ವೇಗ ಸ್ವಲ್ಪವೇ ಜಾಸ್ತಿ ಮಾಡಿ. ಎರಡು ಮೂರು ಎಳೆತಕ್ಕೂ ಜಗ್ಗದಿದ್ದರೆ ಆ ಗಾಡಿಗೆ ಬೇಕಿರುವುದು ಜರ್ಕ್ ಅಲ್ಲ, ವಿಂಚ್ ಅಥವಾ ಕ್ರೇನ್. ಬೆಲ್ಟೂ ಸತತ ಎಳೆತಕ್ಕೆ ಬಿಸಿಯಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ, ಅದಕ್ಕೆ ವಿಶ್ರಾಂತಿ ಬೇಕು.

8. ಗಾಡಿ ಹೊರಗೆ ಬಂದ ಮೇಲೆ ಎರಡೂ ನಿಂತು, ಹ್ಯಾಂಡ್‌ಬ್ರೇಕ್ ಹಾಕಿ, ಬೆಲ್ಟ್ ಸಡಿಲ ಆದ ಮೇಲಷ್ಟೇ ಯಾರಾದರೂ ಕೈ ಹಾಕಲಿ.

ವಿಂಚ್‌ನಲ್ಲಿ ಎಳೆಯುವಾಗ ನಡುವೆ ಸ್ನ್ಯಾಚ್ ಬೆಲ್ಟ್ ಸೇರಿಸಬೇಡಿ. ವಿಂಚ್ ಸುತ್ತುತ್ತಾ ಹೋದ ಹಾಗೆ ಬೆಲ್ಟ್‌ನಲ್ಲಿ ಶಕ್ತಿ ತುಂಬುತ್ತಾ ಹೋಗುತ್ತದೆ, ಆಚೆಯಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ಚೈನ್ ಸರಿಯಾದ ಜಾಗ ಯಾವುದು

ಚೈನನ್ನು ಪೂರ್ತಿ ತೆಗಳುವುದು ಅನ್ಯಾಯ. ಚೂಪು ಬಂಡೆಗೆ ಸುತ್ತಬೇಕಾದಾಗ, ಸೈಲೆನ್ಸರ್ ಹತ್ತಿರ ಬಿಸಿ ಇರುವ ಕಡೆ, ಮರದ ದಿಮ್ಮಿ ಎಳೆಯುವಾಗ ಬೆಲ್ಟ್ ಬಾಳುವುದಿಲ್ಲ, ಚೈನೇ ಬೇಕು. ಲಾರಿ ಮೇಲೆ ಜೆಸಿಬಿ ಥರದ ಯಂತ್ರ ಕಟ್ಟಲು ಚೈನು, ಅದನ್ನು ಬಿಗಿಯುವ ಬೈಂಡರ್ ಒಳ್ಳೆಯದು. ಟ್ರೇಲರ್‌ಗೆ ಎರಡು ಸೇಫ್ಟಿ ಚೈನ್ ಹಾಕಿ, ಟ್ರೇಲರನ್ನು ಗಾಡಿಗೆ ಸೇರಿಸುವ ಕೊಂಡಿಯ ಕೆಳಗೆ ಅಡ್ಡಡ್ಡ ದಾಟಿಸಿ ಸಿಕ್ಕಿಸಿ. ಕೊಂಡಿ ಕಳಚಿದರೆ ಟ್ರೇಲರ್ ಮೂತಿ ನೆಲಕ್ಕೆ ಬಡಿಯದೆ ಆ ಚೈನುಗಳ ಮೇಲೆ ನಿಲ್ಲುತ್ತದೆ.

ಎಳೆಯಲು ಚೈನೇ ಗತಿ ಅನ್ನುವ ಸಂದರ್ಭ ಬಂದರೆ ಹೀಗೆ ಮಾಡಿ. ಎರಡೂ ಕಡೆ ಸಿಕ್ಕಿಸಿದ ಮೇಲೆ ಮುಂದಿನ ಗಾಡಿ ಇಂಚಿಂಚೇ ಸರಿದು ಚೈನಿನ ಸಡಿಲವನ್ನೆಲ್ಲ ತೆಗೆಯಲಿ. ಚೈನ್ ನೆಲದಿಂದ ಎದ್ದು ನೇರ ಆದ ಮೇಲೆ ನಿಂತು, ತಿರುಚಿಲ್ಲ, ಕೊಂಡಿ ಮೇಲೆ ಕೊಂಡಿ ಹತ್ತಿಲ್ಲ ಅಂತ ದೂರದಿಂದಲೇ ನೋಡಿ. ಆಮೇಲೆ ಕ್ಲಚ್ ಮೆಲ್ಲಗೆ ಬಿಟ್ಟು ಒಂದೇ ಸಮನೆ ಎಳೆಯಲಿ. ಚಕ್ರ ಜಾರಲು ಶುರು ಆದರೆ ನಿಲ್ಲಿಸಬೇಕು, ಹಿಂದೆ ಬಂದು ಜರ್ಕ್ ಕೊಡಬಾರದು. ಕೊಕ್ಕೆಗೆ ನಾಲಿಗೆ ಇದ್ದರೆ ಅದು ಮುಚ್ಚಿರಲಿ. ಚೈನಿಗೆ ಗಂಟು ಹಾಕಬೇಡಿ, ತುಂಡಾದ ಚೈನನ್ನು ಬೋಲ್ಟ್ ಹಾಕಿ ಸೇರಿಸಬೇಡಿ. ಆ ಬೋಲ್ಟೇ ಮೊದಲು ಮುರಿಯುವುದು.

ರಸ್ತೆಯಲ್ಲಿ ಕೆಟ್ಟ ಗಾಡಿ ಎಳೆಯುವಾಗ

ಇಲ್ಲಿ ಪಾಲಿಯೆಸ್ಟರ್ ಟೋ ಬೆಲ್ಟ್ ಚೈನ್‌ಗಿಂತ ಮೇಲು. ಪ್ರತಿ ಸಲ ಮುಂದಿನ ಗಾಡಿ ಹೊರಡುವಾಗ ಚೈನ್ ಕೊಡುವ ಟಕ್ ಅನ್ನುವ ಹೊಡೆತ ಅದರಲ್ಲಿ ಕಮ್ಮಿ. ಹಿಂದಿನ ಗಾಡಿಯ ಕೀ ಆನ್ ಇರಲೇಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಸ್ಟೇರಿಂಗ್ ಲಾಕ್ ಆಗುತ್ತದೆ. ಇಂಜಿನ್ ಓಡದಿದ್ದಾಗ ಪವರ್ ಸ್ಟೇರಿಂಗ್ ಇರುವುದಿಲ್ಲ, ಬ್ರೇಕೂ ಒಂದೆರಡು ಸಲ ಒತ್ತಿದ ಮೇಲೆ ಕಲ್ಲಿನ ಹಾಗಾಗುತ್ತದೆ. ಜೋರಾಗಿ ಒತ್ತಿದರೆ ಮಾತ್ರ ನಿಲ್ಲುತ್ತದೆ. ಇದು ಗೊತ್ತಿಲ್ಲದವರನ್ನು ಹಿಂದಿನ ಗಾಡಿಯಲ್ಲಿ ಕೂರಿಸಬೇಡಿ. ಹಿಂದಿನವರು ಹಗುರವಾಗಿ ಬ್ರೇಕ್ ಒತ್ತುತ್ತಾ ಬೆಲ್ಟ್ ಸದಾ ಬಿಗಿಯಾಗಿರುವಂತೆ ನೋಡಿಕೊಳ್ಳಬೇಕು, ಸಡಿಲ ಬಿದ್ದರೆ ಬೆಲ್ಟ್ ಚಕ್ರದ ಕೆಳಗೆ ಹೋಗುತ್ತದೆ. ಎರಡೂ ಗಾಡಿಯ ಹಜಾರ್ಡ್ ಲೈಟ್ ಹಾಕಿ, ಬೆಲ್ಟ್ ನಡುವೆ ಕೆಂಪು ಬಟ್ಟೆ ಕಟ್ಟಿ.

ಆಟೊಮ್ಯಾಟಿಕ್ ಗೇರಿನ ಗಾಡಿ, ನಾಲ್ಕೂ ಚಕ್ರ ಎಳೆಯುವ ಗಾಡಿ, ಎಲೆಕ್ಟ್ರಿಕ್ ಗಾಡಿ, ಇವನ್ನು ಚಕ್ರ ನೆಲದ ಮೇಲಿಟ್ಟು ಎಳೆದರೆ ಗೇರ್‌ಬಾಕ್ಸ್ ಅಥವಾ ಮೋಟರ್ ಹಾಳಾಗಬಹುದು. ಮ್ಯಾನ್ಯುಯಲ್ ಒಪ್ಪದಿದ್ದರೆ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ. ಬ್ರೇಕ್ ಕೆಟ್ಟ ಗಾಡಿಯನ್ನಂತೂ ಬೆಲ್ಟ್‌ನಲ್ಲೂ ಚೈನ್‌ನಲ್ಲೂ ಎಳೆಯಲೇಬಾರದು. ಮುಂದಿನ ಗಾಡಿ ನಿಂತ ಕೂಡಲೇ ಅದು ಬಂದು ಗುದ್ದುತ್ತದೆ.

ಕೆಲಸ ಮುಗಿದ ಮೇಲೆ

ಬೆಲ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನೂಲಿನ ಒಳಗೆ ಸಿಕ್ಕ ಮರಳು ಪ್ರತಿ ಎಳೆತಕ್ಕೂ ಎಳೆಗಳನ್ನು ಒಳಗಿಂದಲೇ ಕತ್ತರಿಸುತ್ತಿರುತ್ತದೆ. ಬಿಸಿಲೂ ನೈಲಾನ್‌ಗೆ ಆಗಿಬರುವುದಿಲ್ಲ, ಹಾಗಾಗಿ ಗಾಡಿ ಮೇಲಿನ ಕ್ಯಾರಿಯರ್‌ನಲ್ಲಿ ಕಟ್ಟಿಡಬೇಡಿ. ಬ್ಯಾಟರಿ ಆಸಿಡ್ ತಾಗಿದ ಬೆಲ್ಟ್ ನೋಡಲು ಚೆನ್ನಾಗಿದ್ದರೂ ನಂಬಬೇಡಿ. ಚೈನಿಗೆ ತುಕ್ಕು ಒರೆಸಿ ತೆಳುವಾಗಿ ಎಣ್ಣೆ ಸವರಿ, ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ದಾಟಿಸುತ್ತಾ ನೋಡಿ. ಉದ್ದ ಆದ ಕೊಂಡಿ, ಬಾಗಿದ ಕೊಂಡಿ, ಬಿರುಕು, ದಪ್ಪದಲ್ಲಿ ಹತ್ತನೇ ಒಂದು ಭಾಗ ಸವೆದ ಜಾಗ, ಇಷ್ಟರಲ್ಲಿ ಯಾವುದು ಸಿಕ್ಕರೂ ಆ ಚೈನ್ ಗುಜರಿಗೆ. ಕೊಕ್ಕೆಯ ಬಾಯಿ ಅಗಲ ಆಗಿದ್ದರೆ ಕೊಕ್ಕೆಯೂ ಗುಜರಿಗೆ.

ಹಳೇ ಬೆಲ್ಟ್ ಎಸೆಯುವಾಗ ನಾಲ್ಕು ತುಂಡು ಮಾಡಿಯೇ ಎಸೆಯಿರಿ. ಇಲ್ಲದಿದ್ದರೆ ಯಾರೋ ಅದನ್ನು ಎತ್ತಿಕೊಂಡು ಹೋಗಿ ಇನ್ನೊಂದು ಗಾಡಿಗೆ ಸಿಕ್ಕಿಸುತ್ತಾರೆ.